ಅಳಿಸಿಹಾಕಿದ ಅಂಕಗಳು

ಪ್ರೌಢಶಾಲೆಯಲ್ಲಿ 34 ವರ್ಷ ಇತಿಹಾಸ ಬೋಧಿಸಿ ನಿವೃತ್ತನಾದ ನನಗೆ, ಮಕ್ಕಳ ಪ್ರಶ್ನೆಗೆ ಉತ್ತರ ತೋಚದೆ ತಡವರಿಸಿದ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಅವೆಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿದ ಪ್ರಶ್ನೆಯೊಂದು ತರಗತಿಯಲ್ಲಿ ಹುಟ್ಟಿದ್ದಲ್ಲ. 2022ರ ಅಕ್ಟೋಬರ್ ತಿಂಗಳ ಎರಡನೆಯ ವಾರ, ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿರುವ ಮಗಳ ಮನೆಯಿಂದ ಫೋನು ಬಂದಿತ್ತು. ಹದಿಮೂರು ವರ್ಷದ ಮೊಮ್ಮಗ ಅಮ್ಮನ ಕೈಯಿಂದ ಫೋನು ಕಸಿದುಕೊಂಡು ಕೇಳಿದ:

"ತಾತ, ವೂಸ್ಟರ್ 39, ನ್ಯೂಕಾಸಲ್ 5 ಅಂತ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀನಿ. ಈಗ ಆ ಮ್ಯಾಚನ್ನೇ ಲೆಕ್ಕದಿಂದ ತೆಗೆದುಬಿಟ್ಟಿದ್ದಾರೆ. ನಾನೂ ಹೊಡೆದುಹಾಕಬೇಕಾ?"

"ಯೋಚಿಸಿ ಹೇಳುತ್ತೇನೆ, ಪುಟ್ಟ" ಎಂದು ತಪ್ಪಿಸಿಕೊಂಡೆ. ಆ ಯೋಚನೆಯ ಫಲವೇ ಈ ಬರಹ. ರಗ್ಬಿ ಎಂಬ ಆಟದ ಗಂಧಗಾಳಿಯಿಲ್ಲದ ಓದುಗರು ದಯವಿಟ್ಟು ಓಡಿಹೋಗಬೇಡಿ. ನನಗೂ 2017ರವರೆಗೆ ಅದರ ಪರಿಚಯ ಅಷ್ಟಕ್ಕಷ್ಟೆ.

ಆ ವರ್ಷದ ಶರತ್ಕಾಲದಲ್ಲಿ ನಾನು ಮೂರು ತಿಂಗಳು ಕಾವೆಂಟ್ರಿಯಲ್ಲಿದ್ದೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ರಗ್ಬಿ ಎಂಬ ಪಟ್ಟಣವಿದೆ. ಅಲ್ಲಿನ ಹಳೆಯ ಶಾಲೆಯ ಹೊರಗೆ, ಚೆಂಡನ್ನು ಹಿಡಿದು ಓಡುವ ಹುಡುಗನ ಪ್ರತಿಮೆಯೊಂದು ನಿಂತಿದೆ. ವಿಲಿಯಂ ವೆಬ್ ಎಲಿಸ್ ಎಂಬ ವಿದ್ಯಾರ್ಥಿ 1823ರಲ್ಲಿ ಕಾಲ್ಚೆಂಡಿನ ಆಟದ ನಿಯಮವನ್ನು ಲೆಕ್ಕಿಸದೆ ಚೆಂಡನ್ನು ಕೈಯಲ್ಲೆತ್ತಿಕೊಂಡು ಓಡಿದನೆಂದೂ, ರಗ್ಬಿ ಆಟ ಹುಟ್ಟಿದ್ದು ಹಾಗೆಂದೂ ಪ್ರತೀತಿ. ಶಾಲೆಯ ಆವರಣದಲ್ಲಿ ಇದನ್ನು ಸಾರುವ ಶಿಲಾಫಲಕವಿದೆ. ವಿಶ್ವಕಪ್ಪಿಗೂ ಅವನದೇ ಹೆಸರು. ಇತಿಹಾಸದ ಮೇಷ್ಟರಿಗೆ ಇಂಥ ಕಥೆ ಕೇಳಿದೊಡನೆ ಆಧಾರ ಹುಡುಕುವ ಚಟ. ಹುಡುಕಿದರೆ, ಎಲಿಸ್ ಬದುಕಿದ್ದ ಕಾಲದ ಒಂದು ದಾಖಲೆಯೂ ಇದಕ್ಕಿಲ್ಲ. ಅವನು ತೀರಿಕೊಂಡದ್ದು 1872ರಲ್ಲಿ. ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1876ರಲ್ಲಿ, ಅದೂ ಅದನ್ನು ಕಣ್ಣಾರೆ ಕಾಣದ ಒಬ್ಬ ಹಳೆಯ ವಿದ್ಯಾರ್ಥಿಯ ಲೇಖನಿಯಿಂದ. ನಡೆದದ್ದೇ ಖಚಿತವಲ್ಲದ ಘಟನೆಗೆ ಕಲ್ಲಿನ ಸಾಕ್ಷ್ಯ! ಆ ದಿನ ನಕ್ಕು ಸುಮ್ಮನಾಗಿದ್ದೆ. ಮೊಮ್ಮಗನ ಪ್ರಶ್ನೆ ಬಂದಾಗ ಆ ಫಲಕ ಮತ್ತೆ ನೆನಪಾಯಿತು.

ಅದೇ ಪ್ರವಾಸದಲ್ಲಿ ಅಳಿಯಂದಿರು ನನ್ನನ್ನು ವಾಸ್ಪ್ಸ್ ಎಂಬ ಕ್ಲಬ್ಬಿನ ಪಂದ್ಯವೊಂದಕ್ಕೆ ಕರೆದೊಯ್ದರು. ಪಕ್ಷಕ್ಕೆ ಹದಿನೈದು ಜನ, ಮೊಟ್ಟೆಯಾಕಾರದ ಚೆಂಡು, ಮುಂದಕ್ಕೆ ಓಡಬೇಕು, ಆದರೆ ಕೈಯಿಂದ ಚೆಂಡನ್ನು ಕೊಡುವುದು ಮಾತ್ರ ಹಿಂದಿರುವವನಿಗೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ 'ಟ್ರೈ', ಐದು ಅಂಕ. ಗೆರೆ ಮುಟ್ಟಲು ಹೊರಟವನನ್ನು ನಾಲ್ಕೈದು ಜನ ಕವಿದು ಕೆಡಹುವುದನ್ನು ಕಂಡಾಗ ನಮ್ಮ ಕಬಡ್ಡಿಯೇ ಕಣ್ಣಮುಂದೆ ಬಂತು. ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ ಎರಡು ಸಂಗತಿ. ಎರಡೂ ಪಕ್ಷದ ಅಭಿಮಾನಿಗಳು ಬೆರೆತು ಕುಳಿತಿದ್ದರು, ನಡುವೆ ಪೊಲೀಸರ ಬೇಲಿಯಿಲ್ಲ. ಆನೆಯಂಥ ಆಳುಗಳು ತಮ್ಮ ಎದೆಯೆತ್ತರದ ರೆಫರಿಯ ಮುಂದೆ ತಲೆತಗ್ಗಿಸಿ 'ಸರ್' ಎನ್ನುತ್ತಿದ್ದರು. ನಮ್ಮ ಶಾಲೆಯ ಹತ್ತನೆಯ ತರಗತಿಯನ್ನು ಅಲ್ಲಿಗೆ ಕರೆತರಬೇಕಾಗಿತ್ತು ಎನಿಸಿತು.

ವಾಸ್ಪ್ಸ್ ಎಂದರೆ ಕಣಜದ ಹುಳುಗಳು. ಕಪ್ಪು, ಹೊಂಬಣ್ಣದ ಉಡುಪು. ಲಂಡನ್ನಿನಲ್ಲಿ 1867ರಲ್ಲಿ ಹುಟ್ಟಿದ ಕ್ಲಬ್ಬು. 1871ರಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪನೆಗೆ 21 ಕ್ಲಬ್ಬುಗಳು ಸೇರಿದಾಗ ವಾಸ್ಪ್ಸ್ ಪ್ರತಿನಿಧಿಗಳು ತಪ್ಪು ವಿಳಾಸದ ಹೋಟೆಲಿಗೆ ಹೋಗಿ ಕುಳಿತು, ಸ್ಥಾಪಕ ಸದಸ್ಯತ್ವವನ್ನೇ ಕಳೆದುಕೊಂಡರೆಂಬ ತಮಾಷೆಯ ಐತಿಹ್ಯವಿದೆ. ಆದರೂ ಆರು ಬಾರಿ ಇಂಗ್ಲೆಂಡಿನ ಚಾಂಪಿಯನ್, 2004 ಮತ್ತು 2007ರಲ್ಲಿ ಯುರೋಪಿನ ಚಾಂಪಿಯನ್. ಅಂಥ ಕ್ಲಬ್ಬು ಕಾವೆಂಟ್ರಿಗೆ ಬಂದುದೇಕೆ ಎಂಬಲ್ಲಿಯೇ ಈ ಕಥೆಯ ಬೇರಿದೆ.

ರಗ್ಬಿ ಯೂನಿಯನ್ ನೂರಕ್ಕೂ ಹೆಚ್ಚು ವರ್ಷ ಹವ್ಯಾಸಿಗಳ ಆಟವಾಗಿತ್ತು. ಆಡಿದ್ದಕ್ಕೆ ಹಣ ಪಡೆಯುವುದು ಅಪರಾಧ. 1995ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಸಭೆಯೊಂದರಲ್ಲಿ ಆ ಕಟ್ಟು ಸಡಿಲಿಸಿ ಆಟವನ್ನು ವೃತ್ತಿಯೆಂದು ಸಾರಿದರು. ಆಮೇಲೆ ಇಂಗ್ಲೆಂಡಿನ ಮೊದಲ ದರ್ಜೆಯ ಕ್ಲಬ್ಬುಗಳಲ್ಲಿ ಬಹುಪಾಲಿನವು ಆದಾಯಕ್ಕಿಂತ ಹೆಚ್ಚು ಖರ್ಚು ಮಾಡುತ್ತಲೇ ಬಂದವು. ವರ್ಷದ ಕೊನೆಗೆ ಬೀಳುವ ಹಳ್ಳವನ್ನು ತುಂಬುತ್ತಿದ್ದವರು ಯಾರೋ ಒಬ್ಬ ಧನಿಕ ಮಾಲೀಕ. ಅವನ ಅಭಿಮಾನವಿರುವವರೆಗೆ, ಅಥವಾ ಅವನ ಆಯುಸ್ಸಿರುವವರೆಗೆ, ಕ್ಲಬ್ಬು. ಊರ ದೊಡ್ಡ ಕುಳವೊಬ್ಬರ ಉದಾರತೆಯನ್ನೇ ನಂಬಿ ನಡೆಯುವ ಜಾತ್ರೆಗಳನ್ನು ಕಂಡವರಿಗೆ ಇದು ಅರ್ಥವಾಗದ ಮಾತಲ್ಲ.

ವಾಸ್ಪ್ಸ್ ಇದಕ್ಕೊಂದು ಪರಿಹಾರ ಹುಡುಕಿತು: ಸ್ವಂತ ಕ್ರೀಡಾಂಗಣ. ಕಾವೆಂಟ್ರಿಯಲ್ಲಿ 32,000 ಆಸನಗಳ ರಿಕೋ ಅರೀನಾ ಇತ್ತು. ಅದನ್ನು ನಡೆಸುತ್ತಿದ್ದ ಕಂಪನಿಯನ್ನು ನಗರಸಭೆ ಮತ್ತು ಒಂದು ದತ್ತಿಸಂಸ್ಥೆಯಿಂದ 2014ರಲ್ಲಿ ಕೊಂಡು, ಅದೇ ಡಿಸೆಂಬರಿನಲ್ಲಿ ತಲೆಮಾರುಗಳ ಅಭಿಮಾನಿಗಳನ್ನು ದಕ್ಷಿಣದಲ್ಲಿಯೇ ಬಿಟ್ಟು ಅಲ್ಲಿಗೆ ಬಂತು. ಮೊದಲ ಪಂದ್ಯಕ್ಕೆ 28 ಸಾವಿರಕ್ಕೂ ಮಿಕ್ಕಿ ಜನ. ಮರುವರ್ಷ 350 ಲಕ್ಷ ಪೌಂಡುಗಳ ಸಾಲಪತ್ರ ಹೊರಡಿಸಿತು: ಶೇಕಡಾ 6.5 ಬಡ್ಡಿ, ಏಳು ವರ್ಷದ ಗಡುವು. ಕೊಂಡವರಲ್ಲಿ ಸಾಮಾನ್ಯ ಅಭಿಮಾನಿಗಳೂ ಇದ್ದರು. ಗಡುವು ತೀರುವುದು 2022ರ ಮೇ ತಿಂಗಳಿನಲ್ಲಿ. ಏಳು ವರ್ಷ ಮುಂದಿನ ದಿನವನ್ನು ನೆಚ್ಚಿ ಸಾಲ ಮಾಡುವವನಿಗೆ ನಡುವೆ 2020 ಎಂಬ ವರ್ಷ ಬರುವುದೆಂದು ಹೇಗೆ ತಿಳಿಯಬೇಕು? ಕೋವಿಡ್ ಬಂದು ಗೇಟುಗಳು ಮುಚ್ಚಿದವು. ಕ್ರೀಡಾಂಗಣದ ಗಳಿಕೆಯನ್ನೇ ನಂಬಿದವರಿಗೆ ಖಾಲಿ ಕ್ರೀಡಾಂಗಣ ಉಳಿಯಿತು. ಸರ್ಕಾರ ಕ್ಲಬ್ಬುಗಳಿಗೆ ಕೋಟ್ಯಂತರ ಪೌಂಡು ನೆರವು ನೀಡಿದ್ದು ನಿಜ, ಅದೂ ಸಾಲವೇ. ಲೀಗಿನ ಶೇಕಡಾ 27ರ ಪಾಲನ್ನು 2018ರಲ್ಲಿಯೇ ಸಿವಿಸಿ ಎಂಬ ಹೂಡಿಕೆ ಸಂಸ್ಥೆಗೆ ಮಾರಿ ಬಂದ ದುಡ್ಡು ಅಷ್ಟರಲ್ಲಿ ಕರಗಿತ್ತು. ಬಿತ್ತನೆಯ ಬೀಜವನ್ನೇ ಉಂಡಂತಾಗಿತ್ತು.

ನಮ್ಮ ನುಡಿಯಲ್ಲಿ ಕಣಜವೆಂದರೆ ಕುಟುಕುವ ಹುಳುವೂ ಹೌದು, ಕಾಳು ತುಂಬಿಡುವ ಉಗ್ರಾಣವೂ ಹೌದು. 2022ರ ಮೇ ಬಂದಾಗ ಈ ಕಣಜ ಬರಿದಾಗಿತ್ತು. ಸಾಲಪತ್ರದ ಹಣ ತೀರಿಸಲಾಗಲಿಲ್ಲ.

ಆ ಋತು 2022ರ ಸೆಪ್ಟೆಂಬರಿನಲ್ಲಿ 13 ಕ್ಲಬ್ಬುಗಳೊಂದಿಗೆ ಆರಂಭವಾಯಿತು. ಆರಂಭವೇ ಶೋಕದಲ್ಲಿ. ಸೆಪ್ಟೆಂಬರ್ 8ರಂದು ರಾಣಿ ಎಲಿಜಬೆತ್ ತೀರಿಕೊಂಡದ್ದರಿಂದ ಮರುದಿನ ಶುಕ್ರವಾರದ ಪಂದ್ಯಗಳನ್ನು ಮುಂದೂಡಿ ಅದೇ ವಾರಾಂತ್ಯದಲ್ಲಿ ಆಡಿಸಿದರು. ಆದರೆ ಎಲ್ಲರ ಕಣ್ಣೂ ಇದ್ದುದು ಬೇರೆಡೆ, ವೂಸ್ಟರ್ ನಗರದ ಅಂಚಿನಲ್ಲಿ ಹೆದ್ದಾರಿಯ ಪಕ್ಕದ ಸಿಕ್ಸ್‌ವೇಸ್ ಮೈದಾನದ ಮೇಲೆ.

ವೂಸ್ಟರ್ ಕ್ಲಬ್ಬಿನ ಜನನ 1871ರಲ್ಲಿ. ಬಹುಕಾಲ ಅದು ಕೆಳಗಿನ ದರ್ಜೆಗಳಲ್ಲಿ ಆಡಿಕೊಂಡಿದ್ದ ಊರ ಕ್ಲಬ್ಬು. ಅದನ್ನು ಮೇಲಕ್ಕೆತ್ತಿದವರು ಸೆಸಿಲ್ ಡಕ್‌ವರ್ತ್. ಮನೆ ಬೆಚ್ಚಗಿಡುವ ಬಾಯ್ಲರುಗಳನ್ನು ತಯಾರಿಸಿ ಶ್ರೀಮಂತರಾದ ಅದೇ ಊರಿನ ಉದ್ಯಮಿ. ಅವರ ಬೆಂಬಲದಿಂದ ಕ್ಲಬ್ಬು ಮೆಟ್ಟಿಲು ಮೆಟ್ಟಿಲಾಗಿ ಏರಿ 2004ರಲ್ಲಿ ಮೊದಲ ದರ್ಜೆ ಸೇರಿತು. ಡಕ್‌ವರ್ತ್ 2020ರ ನವೆಂಬರಿನಲ್ಲಿ ನಿಧನರಾದರು. ಒಂದು ಲೆಕ್ಕಕ್ಕೆ ಅದೃಷ್ಟವಂತರು, ಮುಂದಿನದನ್ನು ನೋಡಲಿಲ್ಲ. 2022ರ ಮೇ 17ರಂದು ವೂಸ್ಟರ್ ಪ್ರೀಮಿಯರ್‌ಶಿಪ್ ಕಪ್ ಗೆದ್ದಿತು. ಫೈನಲಿನಲ್ಲಿ ಎದುರಾಳಿ ಲಂಡನ್ ಐರಿಷ್. ಹೆಚ್ಚುವರಿ ಸಮಯದ ನಂತರವೂ 25–25. ಟ್ರೈಗಳ ಎಣಿಕೆಯಲ್ಲಿ ವೂಸ್ಟರಿಗೆ ಜಯ. ಆ ಸಂಜೆ ಮೈದಾನದಲ್ಲಿದ್ದ ಯಾರಿಗಾದರೂ, ಮುಂದಿನ ಹದಿಮೂರು ತಿಂಗಳೊಳಗೆ ಈ ಎರಡೂ ಕ್ಲಬ್ಬುಗಳು ಲೀಗಿನಿಂದ ಮಾಯವಾಗುತ್ತವೆ ಎಂದಿದ್ದರೆ ನಂಬುತ್ತಿದ್ದರೇ?

ಆಗಸ್ಟ್ ತಿಂಗಳ ಸಂಬಳ ತಡವಾಯಿತು. ಕಚೇರಿಯ ಸಿಬ್ಬಂದಿಯಲ್ಲಿ ಕೆಲವರಿಗೆ ಪೂರ್ತಿ ಬರಲೇ ಇಲ್ಲ. ತೆರಿಗೆ ಇಲಾಖೆಗೆ ಕೊಡಬೇಕಾದುದೇ 60 ಲಕ್ಷ ಪೌಂಡುಗಳಿಗೆ ಮೀರಿತ್ತು. ಸೆಪ್ಟೆಂಬರ್ 18ರಂದು ಎಕ್ಸೆಟರ್ ವಿರುದ್ಧದ ಪಂದ್ಯಕ್ಕೆ, ಸುರಕ್ಷತೆಯ ಏರ್ಪಾಡು ಸಾಲದೆಂದು, ಐದು ಸಾವಿರದೊಳಗಿನ ಪ್ರೇಕ್ಷಕರಿಗಷ್ಟೇ ಪ್ರವೇಶ. ಯೂನಿಯನ್ ಒಂದು ಗಡುವು ವಿಧಿಸಿತು: ಸೆಪ್ಟೆಂಬರ್ 26, ಸೋಮವಾರ ಸಂಜೆ ಐದು ಗಂಟೆ. ಅಷ್ಟರೊಳಗೆ ವಿಮೆ ಮತ್ತು ಸಂಬಳದ ಹಣಕ್ಕೆ ಖಾತ್ರಿ ತೋರಿಸಬೇಕು.

ಗಡುವಿಗೆ ಎರಡು ದಿನ ಮೊದಲು, ಶನಿವಾರ 24ರಂದು, ನ್ಯೂಕಾಸಲ್ ಪಂದ್ಯ. ಅಳಿಯಂದಿರು ಮೊಮ್ಮಗನನ್ನು ಕರೆದುಕೊಂಡು ಕಾರಿನಲ್ಲಿ ಒಂದು ಗಂಟೆಯ ದಾರಿ ಸವೆಸಿ ಹೋಗಿದ್ದರು. "ನಮ್ಮದಲ್ಲದ ಕ್ಲಬ್ಬು ನಿಜ ಮಾವ, ಆದರೆ ಸಾವಿನ ಮನೆಗೆ ಹೋಗಿ ಬರುವುದಿಲ್ಲವೇ, ಹಾಗೆ" ಎಂದು ಆಮೇಲೆ ಹೇಳಿದರು. ಸೋಮವಾರ ಕೆಲಸವಿರುತ್ತದೋ ಇಲ್ಲವೋ ಎಂದು ತಿಳಿಯದ ಆಟಗಾರರು ಆ ದಿನ 39–5ರಿಂದ ಗೆದ್ದರು. ಆ ಋತುವಿನಲ್ಲಿ ಅದು ಅವರ ಮೊದಲ ಗೆಲುವು. ಇದನ್ನು ಬರೆಯುವಾಗ ಕ್ರೀಡೆಯ ಮಟ್ಟಿಗೆ ಅಷ್ಟೇನೂ ಭಾವುಕನಲ್ಲದ ನನಗೂ ಗಂಟಲು ಕಟ್ಟುತ್ತದೆ. ಸಂಬಳವಿಲ್ಲದ ಮೇಷ್ಟರು ಪಾಠ ಮಾಡುವುದನ್ನು ನಾನು ನೋಡಿದ್ದೇನೆ. ನನ್ನ ವೃತ್ತಿಜೀವನದ ಆರಂಭದಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಏಳು ತಿಂಗಳು ಹಾಗೆಯೇ ಪಾಠ ಮಾಡಿದ್ದೇನೆ. ಆ ತಿಂಗಳುಗಳಲ್ಲಿ ಮಾಡಿದಷ್ಟು ಚೆನ್ನಾಗಿ ಮುಂದೆ ಮಾಡಿದೆನೋ ಇಲ್ಲವೋ, ಹೇಳಲಾರೆ.

ಸೋಮವಾರ ಗಡುವು ಮುಗಿಯಿತು, ಕ್ಲಬ್ಬು ಅಮಾನತಾಯಿತು. ಅದೇ ದಿನ ಅದು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಸಾಲಗಾರರಿಂದ ರಕ್ಷಣೆ ಪಡೆದು ಕೊಳ್ಳುವವರನ್ನು ಹುಡುಕುವ, ದಿವಾಳಿಗೆ ಹತ್ತಿರದ ಏರ್ಪಾಡದು. ಅಕ್ಟೋಬರ್ 5ರಂದು, ಆಟಗಾರರ ಕರಾರುಗಳನ್ನು ಹೊಂದಿದ್ದ ಅಂಗಕಂಪನಿಯನ್ನು ಉಚ್ಚ ನ್ಯಾಯಾಲಯ ಮುಚ್ಚಿಸಿತು. ಒಂದೇ ಆದೇಶದಲ್ಲಿ ಇಡೀ ತಂಡ ಬೀದಿಗೆ. ನಾಯಕ ಟೆಡ್ ಹಿಲ್, ಇಂಗ್ಲೆಂಡ್ ಆಟಗಾರ ಆಲಿ ಲಾರೆನ್ಸ್ ಬಾತ್ ಕ್ಲಬ್ಬಿಗೆ ಹೋದರು. ಹೆಸರಾಂತರಿಗೆ ಹೇಗೋ ದಾರಿ ಸಿಗುತ್ತದೆ. ಹುಲ್ಲು ಕತ್ತರಿಸುವವರು, ಟಿಕೆಟು ಹರಿಯುವವರು, ಬಟ್ಟೆ ಒಗೆಯುವವರ ಕಥೆ ಪತ್ರಿಕೆಗಳಲ್ಲಿ ಬರುವುದಿಲ್ಲ. ಮರುದಿನ ಯೂನಿಯನ್ ವೂಸ್ಟರನ್ನು ಇಡೀ ಋತುವಿಗೆ ಅಮಾನತುಗೊಳಿಸಿತು. ಅದು ಆಡಿದ್ದ ಪಂದ್ಯಗಳ ಫಲಿತಾಂಶಗಳನ್ನೆಲ್ಲ ಪಟ್ಟಿಯಿಂದ ಅಳಿಸಿಹಾಕಲಾಯಿತು. ನ್ಯೂಕಾಸಲ್ ಸೋಲು ಇಲ್ಲವಾಯಿತು. ಲಂಡನ್ ಐರಿಷ್ ಮೊದಲ ವಾರ ವೂಸ್ಟರ್ ಮೇಲೆ ಪಡೆದಿದ್ದ ಭಾರಿ ಗೆಲುವೂ ಇಲ್ಲವಾಯಿತು. ಮೊಮ್ಮಗನ ಫೋನು ಬಂದುದು ಆಗ.

ಅವನ ಸ್ವಂತ ಕ್ಲಬ್ಬಿನ ಸರದಿ ಅದರ ಬೆನ್ನಿಗೇ ಬಂತು. ವಾಸ್ಪ್ಸ್ ಮೇಲೆ ತೆರಿಗೆ ಬಾಕಿ ಸುಮಾರು 20 ಲಕ್ಷ ಪೌಂಡು, ಅದರ ಮೇಲೆ ತೀರದ ಸಾಲಪತ್ರ. ಅಕ್ಟೋಬರ್ 9ರಂದು ನಾರ್ಥ್ಯಾಂಪ್ಟನ್ನಿನಲ್ಲಿ 40–36ರಿಂದ ಸೋತದ್ದೇ 155 ವರ್ಷದ ಆ ಕ್ಲಬ್ಬು ಮೊದಲ ದರ್ಜೆಯಲ್ಲಿ ಆಡಿದ ಕೊನೆಯ ಪಂದ್ಯವಾಯಿತು. ಅಕ್ಟೋಬರ್ 17ರಂದು ಆಡಳಿತಾಧಿಕಾರಿಗಳ ನೇಮಕ; ಅಂದೇ 167 ಆಟಗಾರರು ಮತ್ತು ಸಿಬ್ಬಂದಿ ಕೆಲಸ ಕಳೆದುಕೊಂಡರು. ಅವರಲ್ಲೊಬ್ಬ ಜಾಕ್ ವಿಲಿಸ್, ಫ್ರಾನ್ಸಿನ ಟುಲೂಸ್ ಸೇರಿ ಮುಂದಿನ ಬೇಸಗೆಯಲ್ಲಿ ಫ್ರೆಂಚ್ ಲೀಗಿನ ಚಾಂಪಿಯನ್ ತಂಡದಲ್ಲಿದ್ದ. ವಾಸ್ಪ್ಸ್ ಫಲಿತಾಂಶಗಳನ್ನೂ ಅಳಿಸಿದರು. ಹದಿಮೂರು ಇದ್ದದ್ದು ಹನ್ನೊಂದಾಯಿತು.

ನವೆಂಬರಿನಲ್ಲಿ ಸಂಸತ್ತಿನ ಸಮಿತಿ ಯೂನಿಯನ್ ಮತ್ತು ಲೀಗಿನ ಮುಖ್ಯಸ್ಥರನ್ನು ಕೂರಿಸಿಕೊಂಡು ಪ್ರಶ್ನಿಸಿತು. ನಾಯಕತ್ವದ ಜಡತ್ವವೇ ಎರಡು ಕ್ಲಬ್ಬುಗಳ ಕುಸಿತಕ್ಕೆ ಎಡೆಮಾಡಿತೆಂಬ ಅರ್ಥದ ವರದಿಯನ್ನು 2023ರ ಜನವರಿಯಲ್ಲಿ ನೀಡಿತು. ವರದಿ ಸರಿ. ಆದರೆ ತಡ.

ಆಟವೇನೋ ಮುಂದುವರಿಯಿತು. 2023ರ ಮೇ 27ರಂದು ಟ್ವಿಕೆನ್‌ಹ್ಯಾಮಿನಲ್ಲಿ ಸಾರಸೆನ್ಸ್ ಕ್ಲಬ್ಬು ಸೇಲ್ ತಂಡವನ್ನು 35–25ರಿಂದ ಸೋಲಿಸಿ ಆರನೆಯ ಬಾರಿ ಪ್ರಶಸ್ತಿ ಪಡೆಯಿತು. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಸಂಬಳದ ಮಿತಿಯನ್ನು ಮೀರಿ ಖರ್ಚು ಮಾಡಿದ್ದಕ್ಕಾಗಿ ಇದೇ ಸಾರಸೆನ್ಸ್ 2019–20ರಲ್ಲಿ 105 ಅಂಕಗಳ ದಂಡ ತೆತ್ತು ಕೆಳದರ್ಜೆಗೆ ಇಳಿದಿತ್ತು. ಮಿತಿ ಮೀರಿ ಖರ್ಚು ಮಾಡಿಯೂ ಹಣವುಳ್ಳವರು ಶಿಕ್ಷೆ ಅನುಭವಿಸಿ ಮರಳಿ ಬಂದು ಗೆದ್ದರು. ಹಣವಿಲ್ಲದೆ ಖರ್ಚು ಮಾಡಿದವರು ಮರಳಲಿಲ್ಲ. ಅದರ ಹಿಂದೆಯೇ ಮೂರನೆಯ ಸಾವು. ಲಂಡನ್ನಿನ ಐರಿಷ್ ಜನರು 1898ರಲ್ಲಿ ಕಟ್ಟಿಕೊಂಡಿದ್ದ ಲಂಡನ್ ಐರಿಷ್ ಆ ಋತುವಿನಲ್ಲಿ ಐದನೆಯ ಸ್ಥಾನ ಪಡೆದಿತ್ತು. ಅಮೆರಿಕದ ಹೂಡಿಕೆದಾರರು ಕೊಳ್ಳುತ್ತಾರೆ, ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದು, ಬಾರದೆ, ಜೂನ್ 6ರಂದು ಅಮಾನತಾಯಿತು. ಋತು ಮುಗಿದಿದ್ದರಿಂದ ಅವರ ಅಂಕಗಳು ಮಾತ್ರ ಪುಸ್ತಕದಲ್ಲಿ ಉಳಿದವು. ಸತ್ತ ಮೇಲೂ ಐದನೆಯ ಸ್ಥಾನ!

ಕ್ಲಬ್ಬು ಮುಚ್ಚುವುದು ರಗ್ಬಿಯ ಚರಿತ್ರೆಯಲ್ಲಿ ಹೊಸದೇನಲ್ಲ. ಎಲ್ಲಕ್ಕಿಂತ ಹೆಸರಾದ ಉದಾಹರಣೆ ನಮ್ಮ ದೇಶದ್ದೇ. ಕಲ್ಕತ್ತೆಯಲ್ಲಿದ್ದ ಇಂಗ್ಲಿಷರು 1873ರಲ್ಲಿ ಒಂದು ರಗ್ಬಿ ಕ್ಲಬ್ಬು ಕಟ್ಟಿಕೊಂಡರು. ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ದೊರೆಯುತ್ತಿದ್ದುದರಿಂದ ಸದಸ್ಯರಿಗೆ ಕೊರತೆಯಿರಲಿಲ್ಲ. ಅದು ನಿಂತೊಡನೆ ಸದಸ್ಯರೂ ಕರಗಿದರು. ಬಿಸಿಲಿಗೆ ರಗ್ಬಿ ಒಗ್ಗಲೂ ಇಲ್ಲ. ನಾಲ್ಕೇ ವರ್ಷಕ್ಕೆ ಕ್ಲಬ್ಬನ್ನು ವಿಸರ್ಜಿಸಲು ತೀರ್ಮಾನಿಸಿದಾಗ ಬ್ಯಾಂಕಿನಲ್ಲಿ ಇನ್ನೂ ಹಣವಿತ್ತು. ಗೌರವ ಕಾರ್ಯದರ್ಶಿ ರಾಥ್ನಿ ಆ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ತೆಗೆಸಿ, ಕರಗಿಸಿ, ಭಾರತದ ಕುಶಲಕರ್ಮಿಗಳಿಂದ ಒಂದು ಬಟ್ಟಲು ಮಾಡಿಸಿ ಯೂನಿಯನ್ನಿಗೆ ಕೊಡುವ ಏರ್ಪಾಡು ಮಾಡಿದರು. ಹಿಡಿಕೆಗಳು ಮೂರು ನಾಗರಹಾವು. ಮುಚ್ಚಳದ ಮೇಲೆ ಅಂಬಾರಿ ಹೊತ್ತ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಲ್ಕತ್ತಾ ಕಪ್ಪಿಗಾಗಿ ಸೆಣಸುತ್ತಿವೆ. ನಾಲ್ಕು ವರ್ಷ ಬದುಕಿದ ಕ್ಲಬ್ಬು ಸಾಲವಿಲ್ಲದೆ ಸತ್ತು ಶಾಶ್ವತವಾಯಿತು. 155 ವರ್ಷ ಬದುಕಿದ ಕ್ಲಬ್ಬಿನ ಕೊನೆಯ ಋತುವಿನ ಅಂಕಗಳೂ ಉಳಿಯಲಿಲ್ಲ.

ಪಟ್ಟಿಯಿಂದ ಅಳಿಸಿದ್ದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಕೆಲವರು ವೂಸ್ಟರ್ ವಿರುದ್ಧ ಆಡಿ, ಕೆಲವರು ಆಡದೆ ಉಳಿದರೆ ಲೆಕ್ಕ ಸಮನಾಗುವುದು ಹೇಗೆ? ಉಳಿದ ಹನ್ನೊಂದು ಕ್ಲಬ್ಬುಗಳಿಗೂ ತಲಾ ಇಪ್ಪತ್ತು ಪಂದ್ಯ ಎಂದು ಸರಿದೂಗಿಸಲು ಅದೊಂದೇ ದಾರಿಯಾಗಿತ್ತು. ಆದರೆ ಲೀಗಿನ ಪಟ್ಟಿ ಬೇರೆ, ಚರಿತ್ರೆ ಬೇರೆ. ನಡೆದದ್ದಕ್ಕೆ ದಾಖಲೆಯೇ ಇಲ್ಲದ ವೆಬ್ ಎಲಿಸ್ ಓಟಕ್ಕೆ ಕಲ್ಲಿನ ಫಲಕ ಹಾಕಿಸಿದ ನಾಡಿನಲ್ಲಿ, ಸಾವಿರಾರು ಜನರೆದುರು ನಡೆದ ಪಂದ್ಯವನ್ನು ನಡೆದೇ ಇಲ್ಲವೆಂದು ಒಬ್ಬ ಹುಡುಗ ನಂಬಬೇಕಾಗಿಲ್ಲ. ವಾರದ ಬಳಿಕ ನಾನೇ ಫೋನು ಮಾಡಿದೆ.

"ಹೊಡೆದುಹಾಕಬೇಡ ಪುಟ್ಟ. ಅಂಕ ಹಾಗೆಯೇ ಇರಲಿ. ಪಕ್ಕದಲ್ಲಿ, ಇಂಥ ದಿನ ಇಂಥವರು ಇಂಥ ಕಾರಣಕ್ಕೆ ಲೆಕ್ಕದಿಂದ ತೆಗೆದರು ಅಂತ ಬರೆ. ನೀನು ಆ ದಿನ ಅಲ್ಲಿದ್ದೆ ಅಂತಲೂ ಬರೆ."

"ಅಷ್ಟೆಲ್ಲಾ ಬರೆಯೋಕೆ ಜಾಗ ಇಲ್ಲ ತಾತ."

"ಹಾಳೆ ಅಂಟಿಸು."

ಮುಂದಿನ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇನೆ. 2023–24ರ ಋತು ಹತ್ತೇ ಕ್ಲಬ್ಬುಗಳೊಂದಿಗೆ ನಡೆಯಿತು, ನಾರ್ಥ್ಯಾಂಪ್ಟನ್ ಚಾಂಪಿಯನ್. ಕಾವೆಂಟ್ರಿಯ ಕ್ರೀಡಾಂಗಣವನ್ನು 2022ರ ಕೊನೆಯಲ್ಲಿ ಒಂದು ವ್ಯಾಪಾರ ಸಂಸ್ಥೆ ಕೊಂಡಿತು. ವಾಸ್ಪ್ಸ್ ಒಡೆತನದ ದಿನಗಳಲ್ಲಿ ಜಗಳದಿಂದಾಗಿ ಎರಡು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಆಡಬೇಕಾಗಿ ಬಂದಿದ್ದ ಕಾವೆಂಟ್ರಿ ಸಿಟಿ ಫುಟ್‌ಬಾಲ್ ಕ್ಲಬ್ಬು ಅದನ್ನು 2025ರಲ್ಲಿ ತನ್ನದಾಗಿಸಿಕೊಂಡಿತು. ಆ ಶನಿವಾರ ಸೋತಿದ್ದ ನ್ಯೂಕಾಸಲ್ ಕ್ಲಬ್ಬನ್ನು ಅದೇ ವರ್ಷ ರೆಡ್ ಬುಲ್ ಕಂಪನಿ ಕೊಂಡು ಹೆಸರನ್ನೂ ಬದಲಿಸಿತು. ವೂಸ್ಟರ್ 2025–26ರ ಋತುವಿಗೆ ಎರಡನೆಯ ದರ್ಜೆಯಲ್ಲಿ ಮತ್ತೆ ಆಡಲು ಬಂತು, ಸಿಕ್ಸ್‌ವೇಸ್ ಮೈದಾನದಲ್ಲಿಯೇ.

ಆ ಸುದ್ದಿ ಬಂದ ದಿನ ಮೊಮ್ಮಗ ನೋಟ್‌ಬುಕ್ಕಿನ ಆ ಪುಟದ ಚಿತ್ರ ತೆಗೆದು ಕಳುಹಿಸಿದ್ದ. 39–5 ನೀಲಿ ಶಾಯಿಯಲ್ಲಿದೆ. ಅಂಟಿಸಿದ ಹಾಳೆಯ ಅಂಚು ಹಳದಿಗಟ್ಟಿದೆ. ಅದರ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದ: ವೂಸ್ಟರ್, ಮುಂದಿನ ಪಂದ್ಯ, 2025.